ಗ್ಯಾಸ್ ಫೈರ್ ತೆಗೆದು ಸೌದೆ ಒಲೆ: ಅಸಲು ಕೆಲಸ ಚಿಮಣಿಯೊಳಗೆ

ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಕಾಲದ ಸಾಲುಮನೆ ಕೊಂಡವರಿಗೆ ಹಜಾರದ ಗೋಡೆಯಲ್ಲೊಂದು ಗ್ಯಾಸ್ ಫೈರ್ ಬಳುವಳಿಯಾಗಿ ಬರುವುದು ಮಾಮೂಲು. ಹಳೆಯ ಅಗ್ಗಿಷ್ಟಿಕೆಯ ಬಾಯಿಗೆ ತಗಡು ಮುಚ್ಚಿ, ಅದರ ಮುಂದೆ ಕೂರಿಸಿದ ಒಂದು ಪೆಟ್ಟಿಗೆ. ಗುಂಡಿ ತಿರುಗಿಸಿದರೆ ನೀಲಿ ಜ್ವಾಲೆ, ಅದರ ಮೇಲೆ ಕೆಂಪಗೆ ಕಾಯುವ ಪಿಂಗಾಣಿ ಬಿಲ್ಲೆಗಳು, ಇಲ್ಲವೇ ಕಲ್ಲಿದ್ದಲಿನ ವೇಷ ಹಾಕಿದ ಉಂಡೆಗಳು. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಸೇರಿದಂತೆ ಅನೇಕರಿಗೆ ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಅದನ್ನು ಕಿತ್ತು, ಗಾಜಿನ ಬಾಗಿಲಿರುವ ಎರಕದ ಕಬ್ಬಿಣದ ಸೌದೆ ಒಲೆ ಇಡುವ ಆಸೆ ಹುಟ್ಟುತ್ತದೆ. ಅಲ್ಲಿನವರು ಅದನ್ನು ಲಾಗ್ ಬರ್ನರ್ ಅನ್ನುತ್ತಾರೆ. ಅಡುಗೆಗಲ್ಲ, ಕೋಣೆ ಬೆಚ್ಚಗಿಡುವುದಕ್ಕೆ. ಅಂಗಡಿಗೆ ಹೋದರೆ ಮಾತೆಲ್ಲ ಒಲೆಯ ಬಣ್ಣ, ಕಾಲು, ಗಾಜಿನ ಅಗಲದ ಸುತ್ತಲೇ ಸುತ್ತುತ್ತದೆ. ದುಡ್ಡು, ಅಪಾಯ, ಕಾನೂನು ಎಲ್ಲವೂ ಅಡಗಿರುವುದು ಮಾತ್ರ ಗೋಡೆಯೊಳಗೆ, ಸೂರಿನಾಚೆಗೆ ಹೋಗುವ ಏಳೆಂಟು ಮೀಟರ್ ಉದ್ದದ ಹೊಗೆದಾರಿಯಲ್ಲಿ.

ಆ ಹೊಗೆದಾರಿಯನ್ನು ಮೊದಲು ಕಟ್ಟಿದ್ದು ಕಲ್ಲಿದ್ದಲಿನ ಬೆಂಕಿಗೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಮುಸುಕಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು, ಊರೂರಲ್ಲಿ ಹೊಗೆ ನಿಯಂತ್ರಣ ವಲಯಗಳಾದವು. ಆಮೇಲೆ ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. 1967ರಿಂದ 1977ರವರೆಗೆ ದೇಶದ ಮನೆಮನೆಗೂ ಹೋಗಿ ಒಲೆ, ಹೀಟರುಗಳನ್ನೆಲ್ಲ ಆ ಅನಿಲಕ್ಕೆ ಒಗ್ಗಿಸಿದರು. ಅಗ್ಗಿಷ್ಟಿಕೆಯ ಬಾಯಿಗೆ ತಗಡು ಬಿದ್ದದ್ದು ಹೆಚ್ಚಾಗಿ ಈ ಕಾಲದಲ್ಲೇ. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಗ್ಯಾಸಿನ ಬೆಲೆ ಗಗನಕ್ಕೇರಿ, ಜನ ಮತ್ತೆ ಸೌದೆಯ ಕಡೆ ತಿರುಗಿದರು. ನಮ್ಮಲ್ಲಿ 2016ರಲ್ಲಿ ಶುರುವಾದ ಉಜ್ವಲಾ ಯೋಜನೆ ಹಳ್ಳಿಯ ಹೆಂಗಸರನ್ನು ಹೊಗೆಯ ಒಲೆಯಿಂದ ಗ್ಯಾಸಿಗೆ ದಾಟಿಸುತ್ತಿದ್ದರೆ, ಅಲ್ಲಿನ ಮಧ್ಯಮ ವರ್ಗ ದುಡ್ಡು ಕೊಟ್ಟು ಗ್ಯಾಸಿನಿಂದ ಸೌದೆಗೆ ದಾಟುತ್ತಿತ್ತು.

ಚಿಮಣಿಯ ಪಾಲಿಗೆ ಗ್ಯಾಸ್ ಫೈರ್ ಆರಾಮದ ಕೆಲಸ. ಗ್ಯಾಸ್ ಉರಿದರೆ ಬರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಮಸಿ ಇಲ್ಲವೆನ್ನುವಷ್ಟು ಕಡಿಮೆ. ಕೋಣೆಯ ಗಾಳಿಯೂ ಜೊತೆಗೆ ಸೇರಿ ಹೋಗುವುದರಿಂದ ಶಾಖವೂ ಹೆಚ್ಚಿರುವುದಿಲ್ಲ. ಸೌದೆಯ ಹೊಗೆ ಬೇರೆಯೇ ಜಾತಿ. ಒಲೆಯಿಂದ ಹೊರಬೀಳುವಾಗ 200–300 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜೊತೆಯಲ್ಲಿ ಮಸಿ, ಆಮ್ಲ, ಟಾರು. ಆ ಟಾರು ಚಿಮಣಿಯ ಗೋಡೆಗೆ ಅಂಟಿ ಎಂದೋ ಒಂದು ದಿನ ಹೊತ್ತಿಕೊಂಡರೆ ಒಳಗಿನ ಶಾಖ 1,000 ಡಿಗ್ರಿ ಮೀರಬಹುದು. ಐವತ್ತು ವರ್ಷ ಗ್ಯಾಸ್ ಫೈರಿಗೆ ದುಡಿದ ಚಿಮಣಿ ಸೌದೆಗೂ ಆದೀತು ಎಂದು ಎಣಿಸುವ ಹಾಗಿಲ್ಲ ಎನ್ನುವುದು ಇದಕ್ಕೇ.

ಮೊದಲು ಚಿಮಣಿಯ ಜಾತಕ

ಒಲೆಯ ಕ್ಯಾಟಲಾಗ್ ತೆರೆಯುವ ಮೊದಲು ಬೀದಿಗೆ ಇಳಿದು ಸೂರಿನ ಮೇಲೆ ನೋಡಬೇಕು. ಇಟ್ಟಿಗೆಯ ಚಿಮಣಿ, ಅದರ ಮೇಲೆ ಮಣ್ಣಿನ ಕೊಳವೆ ಕಂಡರೆ ಒಳ್ಳೆಯ ಸೂಚನೆ. ಅಲ್ಲಿ ಲೋಹದ ಸಣ್ಣ ಟೋಪಿಯೊಂದು ಇದ್ದರೆ ಒಳಗೆ ಗ್ಯಾಸಿಗಾಗಿ ಇಳಿಬಿಟ್ಟ ಒಂಟಿ ಪದರದ ಕೊಳವೆ ಇರಬಹುದು. ಅದು ಸೌದೆಗೆ ಆಗದು, ತೆಗೆಯಲೇಬೇಕು. 1960ರಿಂದ 80ರ ದಶಕದ ಅನೇಕ ಮನೆಗಳಲ್ಲಿ ಚಿಮಣಿಯೇ ಇರುವುದಿಲ್ಲ. ಟೊಳ್ಳು ಕಾಂಕ್ರೀಟ್ ಬ್ಲಾಕುಗಳನ್ನು ಗೋಡೆಯೊಳಗೇ ಒಂದರ ಮೇಲೊಂದು ಪೇರಿಸಿ, ಅಂಗೈ ಅಗಲದ ಸಂದಿಯೊಂದನ್ನು ಮೇಲಕ್ಕೆ ಒಯ್ದಿರುತ್ತಾರೆ. ಅದು ಗ್ಯಾಸಿಗೆ ಮಾತ್ರ. ಅಂಥ ಮನೆಯಲ್ಲಿ ಸೌದೆ ಒಲೆ ಬೇಕಾದರೆ ಎರಡು ಪದರದ ನಡುವೆ ಶಾಖನಿರೋಧಕ ತುಂಬಿದ ಸ್ಟೀಲ್ ಕೊಳವೆಯನ್ನು ಹೊರಗೋಡೆಯ ಮೇಲೋ ಮನೆಯ ಒಳಗಿಂದಲೋ ಹೊಸದಾಗಿ ಏರಿಸಬೇಕು. ಖರ್ಚು ಅಲ್ಲಿಂದಲೇ ಬೇರೆ ಲೆಕ್ಕ.

ಇನ್ನೊಂದು ತೊಡಕು ಮಹಡಿಯ ಮೇಲೆ ಕಾಯುತ್ತಿರುತ್ತದೆ. ಮಲಗುವ ಕೋಣೆ ದೊಡ್ಡದಾಗಲೆಂದು ಹಿಂದಿನ ಮಾಲೀಕರು ಅಲ್ಲಿನ ಚಿಮಣಿಯ ಉಬ್ಬನ್ನು ಕಡಿದು ತೆಗೆದಿದ್ದರೆ, ಕೆಳಗೆ ಅಗ್ಗಿಷ್ಟಿಕೆ, ಸೂರಿನ ಮೇಲೆ ಕೊಳವೆ, ನಡುವೆ ಬಟಾಬಯಲು. ಸಾಲುಮನೆಗಳಲ್ಲಿ ಎರಡು ಮನೆಯ ಹೊಗೆದಾರಿಗಳು ಒಂದೇ ಗೋಡೆಯೊಳಗೆ ಅಕ್ಕಪಕ್ಕ ಹಾದು ಹೋಗುತ್ತವೆ. ನಡುವಿನ ಇಟ್ಟಿಗೆ ಸವೆದಿದ್ದರೆ ನಮ್ಮ ಹೊಗೆ ಪಕ್ಕದ ಮನೆಯ ಮಲಗುವ ಕೋಣೆಯಲ್ಲಿ ಹೊರಬೀಳುತ್ತದೆ. ಹೊಗೆ ಬಿಲ್ಲೆ ಉರಿಸಿ ಪರೀಕ್ಷೆ ಮಾಡುವುದು ಈ ಕಾರಣಕ್ಕೆ. ಆಗ ನೆರೆಯವರ ಮನೆಯೊಳಗೂ ಒಬ್ಬರು ನಿಂತು ನೋಡುವುದು ಮೇಲು.

ಎಲ್ಲಕ್ಕಿಂತ ಗಂಭೀರವಾದದ್ದು ಬ್ಯಾಕ್ ಬಾಯ್ಲರ್. ಎಷ್ಟೋ ಗ್ಯಾಸ್ ಫೈರುಗಳ ಬೆನ್ನಿಗೆ, ಗೋಡೆಯೊಳಗೆ, ಇಡೀ ಮನೆಗೆ ಬಿಸಿನೀರು ಕೊಡುವ ಬಾಯ್ಲರ್ ಇರುತ್ತದೆ. ಮುಂದಿನ ಪೆಟ್ಟಿಗೆ ಕಿತ್ತರೆ ಮನೆಯ ರೇಡಿಯೇಟರುಗಳೂ ತಣ್ಣಗಾಗುತ್ತವೆ, ಹೊಸ ಬಾಯ್ಲರಿನ ಖರ್ಚೂ ತಲೆಗೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಕಲ್ಲಿದ್ದಲಿನ ಕಾಲದ ಬಾಯ್ಲರನ್ನು ತೆಗೆಯದೆ, ಕೊಳವೆಗಳ ಬಾಯಿ ಮುಚ್ಚಿ, ಮುಂದೆ ಗ್ಯಾಸ್ ಫೈರ್ ಇಟ್ಟು ಮರೆತುಬಿಟ್ಟಿರುವುದು. ಒಳಗೆ ನೀರು ಉಳಿದಿದ್ದು, ಆವಿ ಹೋಗಲು ದಾರಿಯಿಲ್ಲದ ಆ ಕಬ್ಬಿಣದ ಪಾತ್ರೆಯ ಮುಂದೆ ಸೌದೆ ಉರಿಸಿದರೆ ಅದು ಸಿಡಿಯುತ್ತದೆ. ಬ್ರಿಟನ್ನಿನಲ್ಲಿ ಹೀಗೆ ಸಾವು ಸಂಭವಿಸಿದೆ. ಗೋಡೆಯ ಹಿಂದೆ ಏನಿದೆ ಎಂದು ಕಣ್ಣಾರೆ ನೋಡದೆ ಅಲ್ಲಿ ಬೆಂಕಿ ಹಾಕಬಾರದು. ಹಳೆಯ ಗ್ಯಾಸ್ ಫೈರಿನ ಹಿಂದಿನ ಹಲಗೆ, ಹಗ್ಗ, ಕೊಳವೆಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆಯೂ ಉಂಟು. ಆ ದೇಶ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅನುಮಾನ ಬಂದರೆ ಸುತ್ತಿಗೆ ಕೆಳಗಿಟ್ಟು ಪರೀಕ್ಷೆ ಮಾಡಿಸಬೇಕು.

ಗೋಡೆ ಒಡೆದ ಮೇಲೆ

ಗ್ಯಾಸಿನ ಕೊಳವೆ ಕಳಚಿ ಬಾಯಿ ಮುಚ್ಚುವ ಕೆಲಸವನ್ನು ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರೇ ಮಾಡಬೇಕು. ಇದರಲ್ಲಿ ಚೌಕಾಸಿಯಿಲ್ಲ. ಆಮೇಲಿನ ಒಡೆಯುವ ಕೆಲಸವನ್ನು ಧೂಳಿಗೆ ಅಂಜದವರು ತಾವೇ ಮಾಡಿಕೊಳ್ಳುತ್ತಾರೆ. ತಗಡು ತೆಗೆದರೆ ಒಳಗೆ ಚಿಕ್ಕ ಗೂಡು ಕಾಣುತ್ತದೆ. ಅದು ನಂತರ ತುಂಬಿಸಿದ್ದು. ಅದರ ಹಿಂದಿನ ರಾಡಿ, ಇಟ್ಟಿಗೆ ಚೂರು, ಜ್ಯಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿ ಗೂಡಿಗೆಂದು ತುರುಕಿದ ಕಡ್ಡಿಗಳು ಇವನ್ನೆಲ್ಲ ಹೊರಗೆ ಹಾಕಿದ ಮೇಲೆ ಮೂಲ ಗೂಡು ತೆರೆದುಕೊಳ್ಳುತ್ತದೆ. ಅದರ ಮೇಲಿನ ತೊಲೆ ಎಲ್ಲಿದೆ ಎಂದು ತಿಳಿಯದೆ ಇಟ್ಟಿಗೆ ಕೀಳಬಾರದು. ಮೇಲಿನ ಚಿಮಣಿಯ ಭಾರವೆಲ್ಲ ಕೂತಿರುವುದು ಅದರ ಮೇಲೆ.

ಹಳೆಯ ಚಿಮಣಿಯ ಒಳಗೋಡೆಗೆ ಸುಣ್ಣದ ಗಾರೆಗೆ ಸಗಣಿ ಬೆರೆಸಿ ಸಾರಿಸುತ್ತಿದ್ದರು. ಹೌದು, ಸಗಣಿಯೇ. ನೂರು ವರ್ಷದ ಆಮ್ಲದ ಹೊಗೆಗೆ ಆ ಗಿಲಾವು ಉದುರಿ, ಇಟ್ಟಿಗೆಯ ಸಂದುಗಳು ಬಾಯಿ ಬಿಟ್ಟಿರುತ್ತವೆ. ಹೊಗೆದಾರಿಗೆ ಒಳಕವಚ ಕಡ್ಡಾಯವಾದದ್ದು 1965ರ ಕಟ್ಟಡ ನಿಯಮಗಳಿಂದ ಈಚೆಗೆ. ಹಾಗಾಗಿ ಈಗ ಮೇಲಿನಿಂದ ಕೆಳಗಿನವರೆಗೆ ಬಾಗಿ ಬಳುಕುವ ಎರಡು ಪದರದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸುವುದೇ ವಾಡಿಕೆ. ಅದರಲ್ಲೂ 316, 904 ಎಂದು ಎರಡು ದರ್ಜೆಗಳಿವೆ. ಆಮ್ಲ ತಡೆಯುವುದರಲ್ಲಿ ಎರಡನೆಯದು ಗಟ್ಟಿ.

ಕೊಳವೆ ಇಳಿಸುವುದು ಸೋರಿಕೆ ತಡೆಯಲು ಮಾತ್ರ ಅಂತಲ್ಲ. ಒಂಬತ್ತು ಅಂಗುಲದ ಚೌಕ ಚಿಮಣಿಯ ಒಳವಿಸ್ತೀರ್ಣ ಸುಮಾರು 50,000 ಚದರ ಮಿಲಿಮೀಟರ್. ಸೌದೆ ಒಲೆಗೆ ಹಾಕುವ 150 ಮಿ.ಮೀ. ಕೊಳವೆಯದ್ದು ಸುಮಾರು 17,700, ಅಂದರೆ ಮೂರನೇ ಒಂದಕ್ಕೆ ಹತ್ತಿರ. ಮುಚ್ಚಿದ ಒಲೆಯಿಂದ ಬರುವ ಹೊಗೆಯ ಪ್ರಮಾಣ ಕಡಿಮೆ. ಅಷ್ಟು ಅಗಲದ ಜಾಗಕ್ಕೆ ಬಿಟ್ಟರೆ ಅದು ನಿಧಾನವಾಗಿ, ತಣ್ಣಗಾಗುತ್ತ ಏರುತ್ತದೆ. ತಣ್ಣಗಾದ ಹೊಗೆಗೆ ಏರುವ ಕಸುವಿಲ್ಲ. ಬಿಸಿ ಗಾಳಿ ಹಗುರ, ಹೊರಗಿನ ತಂಪು ಗಾಳಿ ಭಾರ. ಈ ವ್ಯತ್ಯಾಸವೇ ಚಿಮಣಿಯ ಸೆಳೆತ. ಸೌದೆ ಒಲೆಗೆ ಬೇಕಾದ ಸೆಳೆತ ಹನ್ನೆರಡು ಪ್ಯಾಸ್ಕಲಿನಷ್ಟು. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಒಂದು ಲಕ್ಷ ಪ್ಯಾಸ್ಕಲ್ ಎಂದು ನೆನೆದರೆ ಇದು ಎಷ್ಟು ಸೂಕ್ಷ್ಮ ಬಲ ಎಂದು ತಿಳಿಯುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಹೊಗೆ ದಿಕ್ಕು ಬದಲಿಸಿ ಕೋಣೆಗೆ ಬರಬಹುದು. ಕೊಳವೆಯ ಒಟ್ಟು ಎತ್ತರ ನಾಲ್ಕೂವರೆ ಮೀಟರಿಗೆ ಕಡಿಮೆಯಾಗದಿರಲಿ ಎನ್ನುವ ಮಾರ್ಗಸೂಚಿಯೂ ಈ ಸೆಳೆತಕ್ಕಾಗಿಯೇ.

ನೆಲದ ಲೆಕ್ಕ ಸರಳ. ಒಲೆಯ ಅಡಿಯ ಹಾಸು 100 ಡಿಗ್ರಿ ದಾಟದು ಎಂದು ತಯಾರಕರು ಖಾತರಿ ಕೊಟ್ಟಿದ್ದರೆ 12 ಮಿ.ಮೀ. ದಪ್ಪದ ಉರಿಯದ ಹಾಸು ಸಾಕು, ಇಲ್ಲವಾದರೆ 125 ಮಿ.ಮೀ. ಗಟ್ಟಿ ಕಟ್ಟೆ ಬೇಕು. ಗೂಡಿನ ಒಳಗೆ ಮಾಮೂಲಿ ಪ್ಲಾಸ್ಟರ್ ಬಳಿದರೆ ಶಾಖಕ್ಕೆ ಸೀಳುತ್ತದೆ. ಮೇಲೆ ಚಂದಕ್ಕೆ ಇಡುವ ಮರದ ದಿಮ್ಮಿ, ಟಿವಿ ಎಷ್ಟು ದೂರವಿರಬೇಕು ಎನ್ನುವುದು ಒಲೆಯ ಕೈಪಿಡಿಯಲ್ಲೇ ಇರುತ್ತದೆ. ಚಂದದ ಫೋಟೊಗಳಲ್ಲಿ ಕಾಣುವ ಎಷ್ಟೋ ದಿಮ್ಮಿಗಳು ಆ ಅಳತೆಯೊಳಗೆ ಬರುವುದಿಲ್ಲ.

ಒಲೆಯ ಗಾತ್ರದಲ್ಲಿ ಎಲ್ಲರೂ ಒಂದೇ ಕಡೆ ಜಾರುತ್ತಾರೆ, ದೊಡ್ಡದರ ಕಡೆಗೆ. ಕೋಣೆಯ ಘನ ಅಳತೆಯನ್ನು ಮೀಟರಿನಲ್ಲಿ ಲೆಕ್ಕ ಹಾಕಿ 14ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಅಂದಾಜು ಸಿಗುತ್ತದೆ. 5 ಮೀಟರ್ ಉದ್ದ, 4 ಅಗಲ, 2.5 ಎತ್ತರದ ಹಜಾರಕ್ಕೆ ಮೂರೂವರೆ ಕಿಲೋವ್ಯಾಟ್ ಸಾಕು. ಎಂಟರ ಒಲೆ ತಂದಿಟ್ಟರೆ ಸೆಖೆ ತಾಳದೆ ಗಾಳಿಯ ಕಿಂಡಿ ಮುಚ್ಚುತ್ತೀರಿ, ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ, ಗಾಜು ಕಪ್ಪಾಗುತ್ತದೆ, ಟಾರು ಕೊಳವೆಗೆ ಅಂಟುತ್ತದೆ. ಕಾನೂನಿನ ಒಂದು ಗೆರೆಯೂ ಇಲ್ಲಿದೆ: ಗಾಳಿ ಸ್ವಲ್ಪ ನುಸುಳುವ ಹಳೆಯ ಮನೆಗಳಲ್ಲಿ 5 ಕಿಲೋವ್ಯಾಟ್‌ವರೆಗಿನ ಒಲೆಗೆ ಗೋಡೆಯಲ್ಲಿ ಗಾಳಿಕಿಂಡಿ ಕೊರೆಯಬೇಕಿಲ್ಲ, ಅದರಾಚೆಗೆ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರ್ ತೆರಪು ಬೇಕು. ಚಳಿ ತಡೆಯಲು ಒಲೆ ತಂದು, ಆ ಒಲೆಗಾಗಿ ಗೋಡೆಗೆ ತೂತು ಹೊಡೆಸುವುದು ಯಾರಿಗೂ ಖುಷಿಯ ಕೆಲಸವಲ್ಲ.

ಉರಿಯುವುದು ಹೊಗೆಯೇ

ಸೌದೆಯ ಬೆಂಕಿ ಮೂರು ಹಂತದ ಕೆಲಸ. ಮೊದಲು ನೀರು ಆವಿಯಾಗಬೇಕು. ಆಮೇಲೆ, 200–300 ಡಿಗ್ರಿ ದಾಟುವಾಗ, ಮರ ಒಡೆದು ಅನಿಲಗಳಾಗಿ ಹೊರಬರುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲಗಳದ್ದು. ಕೊನೆಗೆ ಉಳಿಯುವುದು ಕೆಂಡ. ಮರದ ಶಕ್ತಿಯಲ್ಲಿ ಬಹುಪಾಲು ಇರುವುದು ನಡುವಿನ ಹಂತದ ಅನಿಲದಲ್ಲಿ. ಅದು ಉರಿದರೆ ಶಾಖ, ಉರಿಯದೆ ತಪ್ಪಿಸಿಕೊಂಡರೆ ಹೊಗೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟು ಶಾಖ ಕೋಣೆಗೆ ಸಿಗುತ್ತದೆ. ಇಂದಿನ ಒಲೆಗಳಲ್ಲಿ ಅದು ನೂರಕ್ಕೆ 75–80. ಗುಟ್ಟು ಇರುವುದು ಗಾಳಿಯ ಹಂಚಿಕೆಯಲ್ಲಿ. ಬೆಂಕಿ ಹೊತ್ತಿಸಲು ಕೆಳಗಿನಿಂದ ಗಾಳಿ. ಹೊತ್ತಿದ ಮೇಲೆ, ಒಲೆಯ ಮೈಯೊಳಗೆ ಸುತ್ತಿ ಬಿಸಿಯಾದ ಗಾಳಿ ಮೇಲ್ಭಾಗದ ತೂತುಗಳಿಂದ ನುಗ್ಗಿ ಏರುತ್ತಿರುವ ಹೊಗೆಯನ್ನೇ ಉರಿಸುತ್ತದೆ. ಗಾಜಿನ ಮೇಲಿಂದ ಇಳಿಯುವ ಬಿಸಿ ಗಾಳಿಯ ಪರದೆ ಮಸಿ ಕೂರದಂತೆ ನೋಡಿಕೊಳ್ಳುತ್ತದೆ.

ಇದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗ ಹಳ್ಳಿಗಳಿಗೆಂದು ರೂಪಿಸಿದ ಅಸ್ತ್ರ ಒಲೆಯೂ ಇದೇ ತತ್ವದ್ದು: ಮುಚ್ಚಿದ ಗೂಡು, ಜಾಲರಿಯ ಕೆಳಗಿಂದ ಅಳತೆಯ ಗಾಳಿ, ಹೊಗೆಗೆ ಕೊಳವೆ. ಅಲ್ಲಿ ಶಾಖವನ್ನು ಪಾತ್ರೆಗೆ ಒಪ್ಪಿಸಬೇಕಿತ್ತು, ಇಲ್ಲಿ ಕೋಣೆಗೆ.

ಹಸಿ ಸೌದೆ ಯಾವ ಒಲೆಯನ್ನೂ ಸೋಲಿಸುತ್ತದೆ. ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರು. ಅಂಥ ಒಂದು ಕಿಲೋ ಸೌದೆಯಿಂದ ಸಿಗುವುದು ಸುಮಾರು 2 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ; ತೇವ 20 ಶೇಕಡಕ್ಕೆ ಇಳಿದರೆ 4. ನಷ್ಟ ಅಷ್ಟಕ್ಕೇ ಮುಗಿಯದು: ಆವಿ ಬೆಂಕಿಯನ್ನು ತಂಪಾಗಿಸುತ್ತದೆ, ತಂಪಾದ ಬೆಂಕಿಯಲ್ಲಿ ಅನಿಲ ಉರಿಯದು, ಉರಿಯದ ಅನಿಲ ಟಾರಾಗುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ 20 ಶೇಕಡ ಮೀರುವಂತಿಲ್ಲ. ತೇವಮಾಪಕವನ್ನು ಸೌದೆಯ ಹೊರಮೈಗೆ ಚುಚ್ಚಿ ನೋಡಿ ಪ್ರಯೋಜನವಿಲ್ಲ. ಕೊಡಲಿಯಿಂದ ಸೀಳಿ ಒಳಮೈಗೆ ಚುಚ್ಚಬೇಕು. 2012ರಿಂದ ಈಚೆಗೆ ಆ ದೇಶದ ಆಶ್ ಮರಗಳಿಗೆ ಶಿಲೀಂಧ್ರ ರೋಗ ಬಡಿದು ಸಾಯುತ್ತಿರುವುದರಿಂದ ಆ ಸೌದೆ ಧಾರಾಳವಾಗಿ ಸಿಗುತ್ತದೆ, ಬೇಗ ಒಣಗುತ್ತದೆ ಕೂಡ. ಓಕ್ ಹಾಗಲ್ಲ, ಎರಡು ವರ್ಷವಾದರೂ ಕಾಯಿಸುತ್ತದೆ.

ಉಳಿತಾಯದ ಮಾತು

ಬೆಲೆ ಏರಿಕೆಯ ಬಿಸಿ ಅತಿ ಹೆಚ್ಚಿದ್ದ 2022ರ ಅಕ್ಟೋಬರ್‌ನಲ್ಲಿ ಸರ್ಕಾರದ ಮಿತಿಯಂತೆ ಗ್ಯಾಸ್ ಯೂನಿಟ್ಟಿಗೆ 10.3 ಪೆನ್ನಿ ಇತ್ತು. 2024ರಲ್ಲಿ 6ರ ಆಸುಪಾಸಿಗೆ ಇಳಿಯಿತು. ಒಣ ಸೌದೆ ಕಿಲೋಗೆ 40 ಪೆನ್ನಿ ಎಂದಿಟ್ಟುಕೊಳ್ಳಿ. ಒಲೆಯ ದಕ್ಷತೆ ಸೇರಿಸಿ ಲೆಕ್ಕ ಹಾಕಿದರೆ ಕೋಣೆಗೆ ದಕ್ಕುವ ಪ್ರತಿ ಯೂನಿಟ್ ಶಾಖಕ್ಕೆ 12–13 ಪೆನ್ನಿ ಬೀಳುತ್ತದೆ. ಮನೆಯ ಗ್ಯಾಸ್ ಬಾಯ್ಲರ್ 90 ಶೇಕಡ ದಕ್ಷತೆಯದ್ದಾದರೆ ಅದರ ಶಾಖಕ್ಕೆ 2024ರ ದರದಲ್ಲಿ 7 ಪೆನ್ನಿಯೂ ಆಗುವುದಿಲ್ಲ. ಹಳೆಯ ಗ್ಯಾಸ್ ಫೈರಿನ ಜೊತೆ ಹೋಲಿಸಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಕಾಲುಭಾಗ ಶಾಖ ಕೊಟ್ಟು ಉಳಿದದ್ದನ್ನು ಚಿಮಣಿಗೆ ಕಳಿಸುವ ಅಲಂಕಾರದ ಗ್ಯಾಸ್ ಫೈರಿನಲ್ಲಿ ಅದೇ ಯೂನಿಟ್ 24 ಪೆನ್ನಿಗೆ ಏರುತ್ತದೆ.

ಒಲೆ, ಕೊಳವೆ, ಕಲ್ಲುಕೆಲಸ, ಕೂಲಿ ಸೇರಿ ಕೆಲವು ಸಾವಿರ ಪೌಂಡ್ ಆಗುತ್ತದೆ ಎನ್ನುವುದನ್ನೂ ಕೂಡಿಸಿದರೆ, ಪಟ್ಟಣದಲ್ಲಿ ಚೀಲದ ಸೌದೆ ಕೊಳ್ಳುವವರಿಗೆ ಉಳಿತಾಯವೆಂಬುದು ನಂಬಿಸಿಕೊಂಡ ಮಾತು ಎಂದೇ ನನ್ನ ಅಭಿಪ್ರಾಯ. ಗ್ಯಾಸ್ ಲೈನ್ ಇಲ್ಲದ ಹಳ್ಳಿಯಲ್ಲಿ ತಮ್ಮದೇ ಮರಗಳಿದ್ದು, ಎರಡು ವರ್ಷದ ಸೌದೆ ಒಟ್ಟಲು ಸೂರಿರುವ ಕೊಟ್ಟಿಗೆ ಇದ್ದವರ ಕತೆ ಬೇರೆ. ದಿನಕ್ಕೆ ನಾಲ್ಕು ತಾಸು, ತಾಸಿಗೆ ಒಂದೂವರೆ ಕಿಲೋದಂತೆ ಐದು ತಿಂಗಳು ಉರಿಸಿದರೆ 900 ಕಿಲೋ, ಎಂದರೆ ಎರಡರಿಂದ ಮೂರು ಘನ ಮೀಟರ್ ಸೌದೆ. ಸಾಲುಮನೆಯ ಹಿತ್ತಲಲ್ಲಿ ಅದಕ್ಕೆ ಜಾಗ ಹುಡುಕಿ ನೋಡಿ.

ನೆರೆಮನೆಯ ಗಾಳಿ

ಬ್ರಿಟನ್ನಿನಲ್ಲಿ ನೇರವಾಗಿ ಗಾಳಿಗೆ ಸೇರುವ ಪಿಎಂ 2.5 ಸೂಕ್ಷ್ಮ ಕಣಗಳಲ್ಲಿ ಗಣನೀಯ ಪಾಲು ಮನೆಗಳಲ್ಲಿ ಉರಿಸುವ ಸೌದೆಯದ್ದು. ಗ್ಯಾಸ್ ಫೈರಿನ ಪಾಲು ಅದರ ಮುಂದೆ ಲೆಕ್ಕಕ್ಕೇ ಬರದು. 2022ರ ಜನವರಿಯಿಂದ ಹೊಸ ಒಲೆಗಳಿಗೆ ಇಕೋಡಿಸೈನ್ ಎಂಬ ಕಟ್ಟುನಿಟ್ಟಿನ ಮಾನದಂಡ ಬಂದಿದೆ, ಹಳೆಯವಕ್ಕಿಂತ ಇವು ಎಷ್ಟೋ ವಾಸಿ. ಆದರೂ ಶೂನ್ಯವಲ್ಲ. ಬಾಗಿಲು ತೆರೆದು ಸೌದೆ ಹಾಕುವಾಗ ಕಣಗಳು ಕೋಣೆಗೂ ಬರುತ್ತವೆ. ಮನೆಯಲ್ಲಿ ಅಸ್ತಮಾ ಇರುವ ಮಗು ಇದ್ದರೆ ನಾನಂತೂ ಈ ಒಲೆ ಇಡುವುದಿಲ್ಲ.

ಹೊಗೆ ನಿಯಂತ್ರಣ ವಲಯದಲ್ಲಿ ಸೌದೆ ಉರಿಸಬೇಕಾದರೆ ಸರ್ಕಾರದ ಪರಿಸರ ಇಲಾಖೆಯಾದ ಡೆಫ್ರಾ ವಿನಾಯಿತಿ ಕೊಟ್ಟ ಒಲೆಯೇ ಬೇಕು. ಇವುಗಳಲ್ಲಿ ಗಾಳಿಕಿಂಡಿ ಪೂರ್ತಿ ಮುಚ್ಚುವುದಿಲ್ಲ, ರಾತ್ರಿಯಿಡೀ ಕೆಂಡ ಮುಚ್ಚಿ ಹೊಗೆಯಾಡಿಸಲು ಬರುವುದಿಲ್ಲ. 2021ರ ಪರಿಸರ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಅಂಥ ವಲಯದ ಚಿಮಣಿ ಹೊಗೆಯುಗುಳಿದರೆ ಸ್ಥಳೀಯ ಕೌನ್ಸಿಲ್ 175ರಿಂದ 300 ಪೌಂಡ್‌ವರೆಗೆ ದಂಡ ಹಾಕಬಹುದು.

ಒಲೆ ಕೂರಿಸುವುದು ಕಟ್ಟಡ ನಿಯಮಗಳ ಅಡಿಯಲ್ಲಿ ಬರುವ ಕೆಲಸ. ಹೆಟಾಸ್‌ನಂಥ ಸಂಸ್ಥೆಯಲ್ಲಿ ನೋಂದಾಯಿತರಾದವರು ಮಾಡಿದರೆ ಅವರೇ ಪ್ರಮಾಣಪತ್ರ ಕೊಡುತ್ತಾರೆ. ತಾವೇ ಮಾಡಿಕೊಳ್ಳುವವರು ಮೊದಲೇ ಕೌನ್ಸಿಲಿಗೆ ತಿಳಿಸಿ ತಪಾಸಣೆ ಮಾಡಿಸಬೇಕು. ಆ ಕಾಗದ ಇಲ್ಲದಿದ್ದರೆ ಮನೆ ಮಾರುವಾಗ ವಕೀಲರೂ ವಿಮೆಯವರೂ ಕೇಳುತ್ತಾರೆ. ಕಾರ್ಬನ್ ಮೋನಾಕ್ಸೈಡ್ ಅಲಾರಂ ಕಡ್ಡಾಯ, ಒಲೆಯಿಂದ ಒಂದರಿಂದ ಮೂರು ಮೀಟರ್ ಅಂತರದಲ್ಲಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಕ್ಕಿಗೂಡು ಕಟ್ಟಿದ ಚಿಮಣಿಯ ಕೆಳಗೆ ನಿದ್ದೆ ಹೋದವರನ್ನು ಎಬ್ಬಿಸುವುದು ಆ ಅಲಾರಂ ಒಂದೇ.

ಮೊದಲ ಬೆಂಕಿ

ಹೊಸ ಒಲೆಗೆ ಬಳಿದ ಬಣ್ಣ ಗಟ್ಟಿಯಾಗುವುದು ಬೆಂಕಿಯಲ್ಲೇ. ಮೊದಲ ಮೂರ್ನಾಲ್ಕು ಸಲ ಚಿಕ್ಕ ಉರಿ ಹಾಕಿ, ಕಿಟಕಿ ತೆರೆದಿಡಬೇಕು. ಘಾಟು ವಾಸನೆ ಬಂದೇ ಬರುತ್ತದೆ, ಹೆದರಬೇಕಿಲ್ಲ. ದೊಡ್ಡ ಸೌದೆ ಕೆಳಗೆ, ಅದರ ಮೇಲೆ ಸಣ್ಣ ಸಿಗುಳು, ಮೇಲ್ತುದಿಯಲ್ಲಿ ಬೆಂಕಿ. ನಮ್ಮ ಬಚ್ಚಲ ಒಲೆಯ ಅಭ್ಯಾಸಕ್ಕೆ ಇದು ತಲೆಕೆಳಗು ಅನ್ನಿಸಿದರೂ ಹೀಗೆ ಹಚ್ಚಿದರೆ ಕೆಳಗಿನ ಸೌದೆಯ ಹೊಗೆ ಮೇಲಿನ ಜ್ವಾಲೆಯ ಮೂಲಕವೇ ಹೋಗಬೇಕಾಗುತ್ತದೆ, ಕೊಳವೆಯೂ ಬೇಗ ಬಿಸಿಯಾಗುತ್ತದೆ. ಸೌದೆ ಉರಿಸುವವರು ವರ್ಷಕ್ಕೆ ಒಂದು ಸಲವಾದರೂ ಚಿಮಣಿ ಗುಡಿಸಬೇಕು, ದಿನವೂ ಉರಿಸುವವರು ಎರಡು ಸಲ. ಬೂದಿಯನ್ನು ಪೂರ್ತಿ ಬಳಿಯಬಾರದು. ಒಂದೆರಡು ಅಂಗುಲದ ಹಾಸಿನ ಮೇಲೆ ಸೌದೆ ಚೆನ್ನಾಗಿ ಉರಿಯುತ್ತದೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ ಹಾಕಿ ಮನೆಯ ಹೊರಗೆ, ಮರದ ಕಟ್ಟೆಗೆ ತಾಗದಂತೆ ಇಡಬೇಕು, ಏಕೆಂದರೆ ಅದರೊಳಗಿನ ಕೆಂಡ ಮಾರನೆಯ ದಿನಕ್ಕೂ ಜೀವಂತವಾಗಿರುತ್ತದೆ.